ಪದಕ್ಕೆ ಸಾಕ್ಷಿ ಕೇಳಿದ ಮೇಷ್ಟ್ರು: ಜೇಮ್ಸ್ ಮರ್ರೆ

ಒಂಬತ್ತನೆಯ ತರಗತಿಯಲ್ಲಿ ಅದು ನನ್ನ ಮೂರನೆಯ ಅಭ್ಯಾಸ ಪಾಠ. ಮಕ್ಕಳ ಕುತೂಹಲ ಕೆರಳಿಸಲೆಂದು ಕಪ್ಪುಹಲಗೆಯ ಮೇಲೆ ನ್ಯೂಸ್ ಎಂಬ ಇಂಗ್ಲಿಷ್ ಪದವನ್ನು ಬರೆದೆ. ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ದಿಕ್ಕುಗಳ ಇಂಗ್ಲಿಷ್ ಹೆಸರುಗಳ ಮೊದಲ ಅಕ್ಷರಗಳು ಸೇರಿ ಆ ಪದವಾಯಿತು ಎಂದು ವಿವರಿಸಿದೆ. ನಾನು ಶಾಲೆಯಲ್ಲಿ ಕಲಿತದ್ದೂ ಹಾಗೆಯೇ. ಎಲ್ಲರೂ ಖುಷಿಯಿಂದ ಬರೆದುಕೊಂಡರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತು, ಇದು ಹೇಗೆ ಗೊತ್ತಾಯಿತು ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಪಾಠ ಮುಗಿದ ಮೇಲೆ ನೋಡಿದರೆ, ಮಾರ್ಗದರ್ಶಕರು ಅವಲೋಕನ ಹಾಳೆಯಲ್ಲಿ ಆಧಾರ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಚಿಹ್ನೆಯ ಬೆನ್ನು ಹತ್ತಿ ಗ್ರಂಥಾಲಯಕ್ಕೆ ಹೋದಾಗ ನನಗೆ ಪರಿಚಯವಾದವರು ಜೇಮ್ಸ್ ಮರ್ರೆ.

ಮರ್ರೆಯವರು ಹುಟ್ಟಿದ್ದು 1837ರ ಫೆಬ್ರವರಿ 7ರಂದು, ಸ್ಕಾಟ್ಲೆಂಡಿನ ಹಾವಿಕ್ ಪಟ್ಟಣದ ಹತ್ತಿರದ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ. ತಂದೆ ದರ್ಜಿ. ಮುಂದೆ ಓದಿಸುವ ಶಕ್ತಿ ಮನೆಗಿಲ್ಲದೆ ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಡಬೇಕಾಯಿತು. ಆದರೆ ಕಲಿಯುವುದನ್ನು ಅವರು ಬಿಡಲಿಲ್ಲ. ಒಂದಾದ ಮೇಲೊಂದು ಭಾಷೆಯನ್ನು ತಾವೇ ಕಲಿತರು. ಹದಿನೇಳಕ್ಕೆ ಹಾವಿಕ್‌ನಲ್ಲಿ ಸಹಾಯಕ ಶಿಕ್ಷಕರಾದರು, ಇಪ್ಪತ್ತಕ್ಕೆ ಅಲ್ಲಿಯೇ ಇನ್ನೊಂದು ಶಾಲೆಯ ಮುಖ್ಯೋಪಾಧ್ಯಾಯರಾದರು.

ಸುಖದ ದಿನಗಳು ಹೆಚ್ಚು ಕಾಲ ಉಳಿಯಲಿಲ್ಲ. ಮೊದಲ ಮಗು ಎಳೆತನದಲ್ಲೇ ತೀರಿಕೊಂಡಿತು. ಹೆಂಡತಿ ಮ್ಯಾಗಿಯ ಆರೋಗ್ಯ ಕೆಟ್ಟಿತು. ಅವರಿಗಾಗಿ ಮೇಷ್ಟ್ರ ಕೆಲಸ ಬಿಟ್ಟು ಲಂಡನ್ನಿಗೆ ಹೋಗಿ ಬ್ಯಾಂಕಿನಲ್ಲಿ ಗುಮಾಸ್ತರಾದರು. ಆದರೂ ಮ್ಯಾಗಿ ಬದುಕಲಿಲ್ಲ. ಬಳಿಕ ಏಡಾ ಎಂಬವರನ್ನು ಮದುವೆಯಾಗಿ, 1870ರಲ್ಲಿ ಲಂಡನ್ ಬಳಿಯ ಮಿಲ್ ಹಿಲ್ ಶಾಲೆಯಲ್ಲಿ ಮತ್ತೆ ಪಾಠಕ್ಕೆ ನಿಂತರು. 1873ರಲ್ಲಿ ತಮ್ಮ ಸೀಮೆಯ ಆಡುಮಾತಿನ ಬಗ್ಗೆ ಪುಸ್ತಕ ಪ್ರಕಟಿಸಿದರು. ಹಳ್ಳಿಯ ಮಾತು ಕೆಟ್ಟುಹೋದ ಇಂಗ್ಲಿಷ್ ಅಲ್ಲ, ಅದಕ್ಕೂ ತನ್ನದೇ ಚರಿತ್ರೆಯಿದೆ ಎಂದು ಅದು ತೋರಿಸಿತು. ಮಕ್ಕಳ ಮನೆಮಾತನ್ನು ತಿದ್ದಲು ಆತುರಪಡುವ ನಮ್ಮಂಥವರು ನೆನಪಿಡಬೇಕಾದ ಮಾತಿದು.

ಆ ಹೊತ್ತಿಗೆ ಲಂಡನ್ನಿನ ಭಾಷಾಶಾಸ್ತ್ರ ಸಂಘವು ಒಂದು ದೊಡ್ಡ ಇಂಗ್ಲಿಷ್ ನಿಘಂಟಿನ ಕೆಲಸ ಹಿಡಿದು ಇಪ್ಪತ್ತು ವರ್ಷವಾಗಿತ್ತು. ಒಬ್ಬ ಸಂಪಾದಕರು ತೀರಿಕೊಂಡಿದ್ದರು, ಎರಡನೆಯವರ ಕಾಲದಲ್ಲಿ ಕೆಲಸ ಕುಂಟುತ್ತಿತ್ತು. 1879ರಲ್ಲಿ ಆ ಹೊಣೆಯನ್ನು ಮರ್ರೆ ಹೊತ್ತರು. ಚೀಟಿಗಳ ಮೂಟೆಗಳು ಮನೆಗೆ ಬಂದವು. ಒಂದರಲ್ಲಿ ಸತ್ತ ಹೆಗ್ಗಣ, ಇನ್ನೊಂದರಲ್ಲಿ ಸಂಸಾರ ಹೂಡಿದ್ದ ಇಲಿ! ಕೆಲವು ಅಕ್ಷರಗಳ ಚೀಟಿಗಳನ್ನು ಬೇರೆ ಬೇರೆ ಊರುಗಳಿಂದ ಹುಡುಕಿ ತರಿಸಬೇಕಾಯಿತು.

ಶಾಲೆಯ ಆವರಣದಲ್ಲಿ ತಗಡಿನ ಶೆಡ್ಡೊಂದನ್ನು ಕಟ್ಟಿಸಿ, ಗೋಡೆಗೆ ಸಾವಿರಕ್ಕೂ ಹೆಚ್ಚು ಗೂಡುಗಳನ್ನು ಮಾಡಿಸಿದರು. ಸ್ವಯಂಸೇವಕರಾಗಿ ಪುಸ್ತಕಗಳನ್ನು ಓದಿ ಚೀಟಿ ಕಳುಹಿಸಿ ಎಂದು ಓದುಗರಿಗೆ ಮನವಿ ಅಚ್ಚುಹಾಕಿಸಿ ಹಂಚಿದರು. ವಿಧಾನ ಸರಳ. ಒಂದು ಚೀಟಿಗೆ ಒಂದು ಪದ. ಆ ಪದವಿರುವ ವಾಕ್ಯ, ಪುಸ್ತಕದ ಹೆಸರು, ಪುಟ, ಇಸವಿ. ಹೀಗೆ ಬಂದ ಚೀಟಿಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿದ ಮೇಲೆಯೇ ಅರ್ಥ ಬರೆಯುವ ಕೆಲಸ. ನಾವು ತರಗತಿಯಲ್ಲಿ ಅರ್ಥವನ್ನು ಮೊದಲು ಕೊಟ್ಟು ವಾಕ್ಯವನ್ನು ಆಮೇಲೆ ಕೇಳುತ್ತೇವೆ. ಮರ್ರೆಯವರದು ಇದರ ತಿರುಗುಮುರುಗು.

ಇಸವಿಯ ಸಾಲು ಪದದ ಪ್ರಯಾಣವನ್ನೇ ಕಣ್ಣಮುಂದೆ ಇಡುತ್ತದೆ. ಸುಳಿವು ಎಂಬ ಅರ್ಥದ ಕ್ಲೂ ಎಂಬುದು ಮೊದಲು ನೂಲಿನ ಉಂಡೆಯಾಗಿತ್ತು. ಗ್ರೀಕರ ಕಥೆಯಲ್ಲಿ ಥೀಸಿಯಸ್ ನೂಲಿನ ಎಳೆ ಹಿಡಿದು ಚಕ್ರವ್ಯೂಹದಂಥ ಕಟ್ಟಡದಿಂದ ಹೊರಬರುತ್ತಾನೆ. ದಾರಿ ತೋರಿದ ಆ ನೂಲೇ ಕಾಲಕ್ರಮೇಣ ಒಗಟು ಬಿಡಿಸುವ ಸುಳಿವಾಯಿತು. ಪ್ಯೂಪಿಲ್ ಪದದ ಕಥೆ ಇನ್ನೂ ಸೊಗಸು. ವಿದ್ಯಾರ್ಥಿ ಎಂಬ ಅರ್ಥದ ಪದವು ಪೋಷಕರ ಆಶ್ರಯದಲ್ಲಿರುವ ತಬ್ಬಲಿ ಮಗು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಕಣ್ಣಿನ ಭಾಗವನ್ನು ಸೂಚಿಸುವ ಪದವು ಪುಟ್ಟ ಗೊಂಬೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಎದುರಿನವರ ಕಣ್ಣಲ್ಲಿ ಇಣುಕಿದರೆ ನಮ್ಮದೇ ಪುಟ್ಟ ಬಿಂಬ ಕಾಣುತ್ತದಲ್ಲ, ಅದೇ ಆ ಗೊಂಬೆ. ನಮ್ಮ ಕನ್ನಡದಲ್ಲೂ ಅದು ಕಣ್ಣಿನ ಪಾಪೆ. ಪಾಪೆಯೆಂದರೂ ಗೊಂಬೆಯೇ.

ಹತ್ತು ವರ್ಷದಲ್ಲಿ ಮುಗಿಯಬೇಕೆಂದು ಲೆಕ್ಕ ಹಾಕಿದ್ದ ಕೆಲಸವದು. ಐದು ವರ್ಷ ಕಳೆದು 1884ರಲ್ಲಿ ಮೊದಲ ಸಂಚಿಕೆ ಬಂದಾಗ, ಇರುವೆ ಎಂಬರ್ಥದ ಆ್ಯಂಟ್ ಪದದವರೆಗೆ ಮಾತ್ರ ತಲುಪಿದ್ದರು. ಮರುವರ್ಷ ಶಾಲೆಯ ಕೆಲಸ ಬಿಟ್ಟು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಮನೆಯ ತೋಟದಲ್ಲಿ ಇನ್ನೊಂದು ತಗಡಿನ ಶೆಡ್ಡು. ಅರ್ಧ ನೆಲದೊಳಗೆ ಇಳಿದಿದ್ದ ಅದರಲ್ಲಿ ಥಂಡಿ, ಚಳಿ. ಅವರ ಹನ್ನೊಂದು ಮಕ್ಕಳೂ ಕೈಖರ್ಚಿನ ಕಾಸಿಗಾಗಿ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿದವರೇ. ಪತ್ರಗಳ ರಾಶಿ ಎಷ್ಟಿತ್ತೆಂದರೆ, ಅಂಚೆ ಇಲಾಖೆ ಮನೆಯ ಮುಂದೆಯೇ ಒಂದು ಪೆಟ್ಟಿಗೆ ನಿಲ್ಲಿಸಿತು.

ಇಷ್ಟು ಎಚ್ಚರದ ನಡುವೆಯೂ ತಪ್ಪಾಯಿತು. ಜೀತದ ಹೆಣ್ಣು ಎಂಬರ್ಥದ ಬಾಂಡ್‌ಮೇಡ್ ಪದದ ಚೀಟಿಗಳು ಎಲ್ಲೋ ಸೇರಿಹೋಗಿ, ಆ ಪದವಿಲ್ಲದೆಯೇ ಸಂಪುಟ ಅಚ್ಚಾಯಿತು. ಇಂಗ್ಲಿಷ್ ಬೈಬಲ್ಲಿನಲ್ಲೇ ಇರುವ ಪದವದು. ಈ ತಪ್ಪು ಮರ್ರೆಯವರನ್ನು ಬಹಳ ನೋಯಿಸಿತು. ಆ ಪದ ನಿಘಂಟಿನೊಳಗೆ ಬಂದದ್ದು 1933ರ ಪುರವಣಿಯಲ್ಲಿ.

1908ರಲ್ಲಿ ಸರ್ ಪದವಿ ಬಂತು. 1915ರ ಜುಲೈ 26ರಂದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಗ ಟಿ ಅಕ್ಷರದ ಕೆಲಸ ನಡೆದಿತ್ತು. ನಿಘಂಟು ಪೂರ್ಣಗೊಂಡದ್ದು 1928ರಲ್ಲಿ. ನಾಲ್ಕು ಲಕ್ಷಕ್ಕೂ ಮಿಕ್ಕಿ ಪದಗಳು, ಹದಿನೆಂಟು ಲಕ್ಷದಷ್ಟು ಉದಾಹರಣೆ ವಾಕ್ಯಗಳು. ಅದರಲ್ಲಿ ಸುಮಾರು ಅರ್ಧ ಭಾಗ ಮರ್ರೆಯವರೊಬ್ಬರ ಸಂಪಾದನೆ.

ನನ್ನ ಪದವಿರುವ ಎನ್ ಅಕ್ಷರವನ್ನು ಸಂಪಾದಿಸಿದವರು ಅವರ ಜೊತೆಗಾರ ವಿಲಿಯಂ ಕ್ರೇಗಿ. ವಿಧಾನ ಅದೇ. ನ್ಯೂಸ್ ಎಂಬುದು ಹೊಸತು ಎಂಬರ್ಥದ ನ್ಯೂ ಪದದ ಬಹುವಚನ, ಹೊಸ ಸಂಗತಿಗಳು ಎಂದರ್ಥ. ಫ್ರೆಂಚಿನಲ್ಲೂ ಸುದ್ದಿಗೆ ಇದೇ ರೀತಿಯ ಪದವಿದೆ. ಹಳೆಯ ಬರಹಗಳಲ್ಲಿ ಅದರ ಕಾಗುಣಿತವೇ ಬೇರೆ ಬೇರೆ, ಐದಾರು ಅಕ್ಷರಗಳವೂ ಇವೆ. ನಾಲ್ಕು ದಿಕ್ಕಿನ ಕಥೆ ಅಲ್ಲಿಗೆ ಬಿದ್ದುಹೋಯಿತು.

ಮುಂದಿನ ಪಾಠದ ಮೊದಲ ಐದು ನಿಮಿಷ ನನ್ನ ತಪ್ಪಿಗೇ ಮೀಸಲಾಯಿತು. ಹಿಂದಿನ ವಾರ ಹೇಳಿದ್ದನ್ನು ಹೊಡೆದುಹಾಕಿ ಎಂದಾಗ ಮಕ್ಕಳು ನಕ್ಕರು, ಆದರೆ ಹೊಡೆದುಹಾಕಿದರು. ಪ್ರಶ್ನೆ ಕೇಳಿದ್ದ ಹುಡುಗಿಯನ್ನು ಕರೆದು, ಸರಿಯಾದ ಮೂಲವನ್ನು ಅವಳಿಂದಲೇ ಹಲಗೆಯ ಮೇಲೆ ಬರೆಸಿದೆ. ನನ್ನ ಪಾಠ ಯೋಜನೆಯಲ್ಲಿ ಈಗ ಆಧಾರ ಎಂಬ ಕಾಲಂ ಒಂದು ಹೆಚ್ಚಾಗಿದೆ. ಅದನ್ನು ತುಂಬಲಾಗದ ಕಥೆ ಎಷ್ಟೇ ಸ್ವಾರಸ್ಯವಾಗಿದ್ದರೂ ತರಗತಿಗೆ ಒಯ್ಯುವುದಿಲ್ಲ.