ವಲಸಿಗರನ್ನು ಅರಸಿ ಬಂದ ಕುರಿಗಾಹಿ: ಸಂತ ಜೋಸೆಫ್ ವಾಜ್

ಎಲ್ಲಮ್ಮನ ಗುಡ್ಡದ ಜಾತ್ರೆಗೆಂದು ಬೈಲಹೊಂಗಲ, ರಾಮದುರ್ಗಗಳ ಕಡೆಯಿಂದ ಕೊಲ್ಲಾರಿ ಬಂಡಿಗಳು ಸವದತ್ತಿಯತ್ತ ಸಾಲುಗಟ್ಟುವುದನ್ನು ನಾವು ಬಲ್ಲೆವು. ಬುತ್ತಿ, ಹಾಸಿಗೆ, ಮಕ್ಕಳುಮರಿಗಳೊಡನೆ ಹೊರಟ ಆ ಕುಟುಂಬಗಳು ಜಾತ್ರೆ ಮುಗಿದೊಡನೆ ಮನೆಗೆ ಮರಳುತ್ತವೆ. ಮರಳುವ ಭರವಸೆಯಿಲ್ಲದೆ ಹೊರಟವರ ಪಯಣವೇ ಬೇರೆ. 19ನೆಯ ಶತಮಾನದಲ್ಲಿ ಅಮೆರಿಕದ ಕುಟುಂಬಗಳು ಇಂತಹ ಮುಚ್ಚುಬಂಡಿಗಳಲ್ಲಿ ಪಶ್ಚಿಮಕ್ಕೆ ವಲಸೆ ಹೋದ ಕಥೆ ಲೋಕಪ್ರಸಿದ್ಧವಾಗಿದೆ. ಅದಕ್ಕೂ ಬಹು ಹಿಂದೆ ನಮ್ಮ ಕರಾವಳಿಯೂ ಒಂದು ದೊಡ್ಡ ವಲಸೆಯನ್ನು ಕಂಡಿತ್ತು. ಆ ವಲಸಿಗರನ್ನು ಅರಸಿ ಬಂದ ಯಾಜಕರೇ ಸಂತ ಜೋಸೆಫ್ ವಾಜ್.

ಇವರು 1651ರ ಏಪ್ರಿಲ್ 21ರಂದು ಗೋವೆಯ ಸಾಲ್ಸೆಟ್ ಪ್ರಾಂತದ ಬೆನಾವಲಿಯಲ್ಲಿ ಜನಿಸಿ, 1676ರಲ್ಲಿ ಯಾಜಕದೀಕ್ಷೆ ಪಡೆದರು. ಆ ಕಾಲದಲ್ಲಿ ಗೋವೆಯ ಅನೇಕ ಕಥೋಲಿಕ ಕುಟುಂಬಗಳು ತೆರಿಗೆಯ ಭಾರ, ಯುದ್ಧ, ಬರಗಾಲ, ರೋಗರುಜಿನ ಹಾಗೂ 1560ರಿಂದ ನಡೆದಿದ್ದ ಇನ್‌ಕ್ವಿಜಿಷನ್ನಿನ ಭಯದಿಂದ ಹುಟ್ಟೂರು ತೊರೆದು ದಕ್ಷಿಣದ ಕೆನರಾ ಸೀಮೆಯಲ್ಲಿ ನೆಲೆ ಹುಡುಕುತ್ತಿದ್ದವು. ಅಲ್ಲಿ ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮಾಜಿ. ಬೈಲಹೊಂಗಲದಲ್ಲಿ ಚಿರನಿದ್ರೆಯಲ್ಲಿರುವ ಕಿತ್ತೂರು ಚೆನ್ನಮ್ಮನಿಗಿಂತ ಸುಮಾರು ಒಂದೂವರೆ ಶತಮಾನ ಹಿಂದಿನ ಈ ರಾಣಿಯ ರಾಜ್ಯದಲ್ಲಿ, 1678ರ ಒಪ್ಪಂದದಂತೆ ದೇವಾಲಯಗಳನ್ನು ಕಟ್ಟಲು ಅನುಮತಿ ದೊರೆತಿತ್ತು.

ವಲಸಿಗರಿಗೆ ನೆಲ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಪೋರ್ಚುಗಲ್ ಅರಸರ ಪೋಷಣಾಧಿಕಾರಕ್ಕೆ ಸೇರಿದ ಗೋವೆಯ ಧರ್ಮಾಧಿಕಾರಿಗಳು ಒಂದೆಡೆ, ರೋಮಿನಿಂದ ನೇಮಕಗೊಂಡ ಬಿಷಪ್ ಥಾಮಸ್ ದೆ ಕಾಸ್ತ್ರೊ ಇನ್ನೊಂದೆಡೆ. ಯಾರ ಕೈಯಿಂದ ಸಂಸ್ಕಾರಗಳನ್ನು ಪಡೆದರೆ ಸರಿಯೆಂಬ ಗೊಂದಲದಲ್ಲಿ ಭಕ್ತಾದಿಗಳು ಹೋಳಾಗಿದ್ದರು. ಎಲ್ಲವನ್ನೂ ಬಿಟ್ಟು ಬಂದವರಿಗೆ ಉಳಿದಿದ್ದ ಒಂದೇ ಆಸ್ತಿ ವಿಶ್ವಾಸ. ಅದೂ ಒಡೆಯುವ ಹಂತದಲ್ಲಿತ್ತು.

1681ರಲ್ಲಿ ಗೋವೆಯ ಪ್ರತಿನಿಧಿಯಾಗಿ ಕೆನರಾಕ್ಕೆ ಬಂದ ಫಾದರ್ ವಾಜ್ ಕಲಹವನ್ನು ಬೆಳೆಸಲಿಲ್ಲ. ಬಿಷಪರನ್ನು ಗೌರವದಿಂದ ಕಂಡು, ಶಾಂತಿಗಾಗಿ ಶ್ರಮಿಸಿದರು. ಬಸರೂರು, ಬಾರ್ಕೂರು, ಕಲ್ಯಾಣಪುರ, ಮಂಗಳೂರುಗಳ ಚದುರಿದ ಕುಟುಂಬಗಳನ್ನು ಬರಿಗಾಲಲ್ಲಿ ಅರಸುತ್ತ ನಡೆದರು. ಪಾಪನಿವೇದನೆ ಕೇಳಿದರು, ಮಕ್ಕಳಿಗೆ ಜ್ಞಾನೋಪದೇಶ ನೀಡಿದರು, ಶಾಲೆಗಳನ್ನು ತೆರೆದರು. 1683ರಲ್ಲಿ ಸಂಭಾಜಿಯ ಸೇನೆ ಅವರ ತವರಾದ ಸಾಲ್ಸೆಟ್ಟಿಗೇ ನುಗ್ಗಿತು. ಆ ದಾಳಿಯ ದೆಸೆಯಿಂದ ಇನ್ನೂ ಅನೇಕರು ದಕ್ಷಿಣದ ಹಾದಿ ಹಿಡಿದರು.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಒರೆಟೋರಿಯನ್ ಸಹೋದರ ಸಮುದಾಯವನ್ನು ಸೇರಿದರು. ಆದರೆ ಕುರುಬನಿಲ್ಲದ ಮತ್ತೊಂದು ಹಿಂಡಿನ ಚಿಂತೆ ಅವರನ್ನು ಕಾಡುತ್ತಿತ್ತು. ಸಿಂಹಳದ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಅಲ್ಲಿ ಕಥೋಲಿಕ ಯಾಜಕರನ್ನು ನಿಷೇಧಿಸಿದ್ದರು. 1687ರಲ್ಲಿ ಬಡವನ ವೇಷದಲ್ಲಿ ಜಾಫ್ನಾ ತಲಪಿದ ಫಾದರ್ ವಾಜ್ ರಾತ್ರಿಯ ಕತ್ತಲಲ್ಲಿ ಬಲಿಪೂಜೆ ಅರ್ಪಿಸಿದರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. 1697ರ ಸಿಡುಬಿನಲ್ಲಿ ಬಂಧುಗಳೇ ತೊರೆದ ರೋಗಿಗಳನ್ನು, ಮತಭೇದವೆಣಿಸದೆ, ಸ್ವತಃ ಉಪಚರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಭುವಿನಲ್ಲಿ ನಿದ್ರಿಸಿದರು. ಜಗದ್ಗುರು ಎರಡನೆಯ ಜಾನ್ ಪಾಲ್ 1995ರಲ್ಲಿ ಅವರನ್ನು ಪುನೀತರೆಂದೂ, ಜಗದ್ಗುರು ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು. ಮಂಗಳೂರು ಬಳಿಯ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ.

ಅಂದು ಗೋವೆಯವರು ಕನ್ನಡ ನಾಡಿನಲ್ಲಿ ಆಶ್ರಯ ಬೇಡಿದರು. ಇಂದು ನಮ್ಮ ಸವದತ್ತಿ, ರಾಮದುರ್ಗಗಳ ಜನ ಕೂಲಿಗಾಗಿ ಪಡುವಣದ ಗೋವೆಗೆ ಹೋಗುತ್ತಾರೆ. ಹೊರಟವರನ್ನು ಊರು ಮರೆಯುತ್ತದೆ. ಸೇರಿದ ಊರು ಅವರನ್ನು ಗುರುತಿಸುವುದಿಲ್ಲ. ಇವೆರಡರ ನಡುವೆ ನಿಂತು ಅವರ ಹೆಸರು ಹಿಡಿದು ಕರೆಯುವವರು ಬೇಕು. ಯಾಜಕರೊಬ್ಬರಿಂದಲೇ ಆಗುವ ಕೆಲಸವಲ್ಲ ಇದು. ನಮ್ಮ ಧರ್ಮಕೇಂದ್ರದಿಂದ ಹೊರಟ ಕುಟುಂಬ ಎಲ್ಲಿದೆ, ಅವರ ಮಕ್ಕಳಿಗೆ ಶಾಲೆಯುಂಟೆ, ಭಾನುವಾರದ ಬಲಿಪೂಜೆ ದೊರೆಯುವುದೆ ಎಂದು ವಿಚಾರಿಸುವುದು ನಮ್ಮ ಹೊಣೆ. ನಮ್ಮ ನೆರೆಗೆ ಹೊಸದಾಗಿ ಬಂದವರ ಬಾಗಿಲು ತಟ್ಟುವುದೂ ಅಷ್ಟೇ ಅಗತ್ಯ. ಜನವರಿ 16ರ ಹಬ್ಬದಂದು ಈ ಸಂತರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಇದೇ.