ತಾಯಂದಿರ ರಕ್ಷಕ

ಊಟಕ್ಕೆ ಕೂಡುವ ಮುನ್ನ ಕೈ ತೊಳೆಯಬೇಕು. ಹೊರಗಿನಿಂದ ಬಂದವರು ಕೈಕಾಲು ತೊಳೆದು ಒಳಗೆ ಬರಬೇಕು. ಬಾಣಂತಿಯನ್ನೂ ಹಸುಗೂಸನ್ನೂ ಮುಟ್ಟುವವರ ಕೈ ಶುಚಿಯಾಗಿರಬೇಕು. ಇವು ಮನೆಯ ಹಿರಿಯರು ಮಕ್ಕಳಿಗೆ ದಿನವೂ ಹೇಳುವ ಮಾತುಗಳು. ಇಷ್ಟು ಸಾಮಾನ್ಯವಾದ ಮಾತಿನ ಹಿಂದೆಯೂ ಒಂದು ಇತಿಹಾಸವಿರಬಹುದೆಂದು ಯಾರೂ ಯೋಚಿಸುವುದಿಲ್ಲ. ಆದರೆ ಇದೇ ಮಾತನ್ನು ವೈದ್ಯರಿಗೆ ಹೇಳಿ, ಅದಕ್ಕಾಗಿ ಬದುಕಿನುದ್ದಕ್ಕೂ ವಿರೋಧವನ್ನು ಎದುರಿಸಿದ ಒಬ್ಬ ವೈದ್ಯನಿದ್ದನು. ಆತನೇ ಹಂಗೇರಿ ದೇಶದ ಇಗ್ನಾಜ್ ಸೆಮ್ಮೆಲ್‌ವೈಸ್.

ಡ್ಯಾನ್ಯೂಬ್ ನದಿಯ ದಡದ ಬುಡಾ ನಗರದಲ್ಲಿ 1818ನೆಯ ಜುಲೈ 1ರಂದು ಸೆಮ್ಮೆಲ್‌ವೈಸ್ ಜನಿಸಿದನು. ಬುಡಾ ಮತ್ತು ಅದರ ಎದುರು ದಡದ ಪೆಸ್ಟ್ ಎರಡೂ ಇಂದು ಬುಡಾಪೆಸ್ಟ್ ಮಹಾನಗರದ ಭಾಗಗಳು. ತಂದೆ ಅನುಕೂಲಸ್ಥನಾದ ದಿನಸಿ ವ್ಯಾಪಾರಿ. ಮಗನು ನ್ಯಾಯಶಾಸ್ತ್ರವನ್ನು ಓದಲೆಂದು 1837ರಲ್ಲಿ ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾಕ್ಕೆ ಹೋದನು. ಆದರೆ ಆತನ ಮನಸ್ಸು ಬಹುಬೇಗ ವೈದ್ಯಶಾಸ್ತ್ರದ ಕಡೆಗೆ ಒಲಿಯಿತು. 1844ರಲ್ಲಿ ವೈದ್ಯಪದವಿಯನ್ನು ಪಡೆದು, 1846ರಲ್ಲಿ ವಿಯೆನ್ನಾದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಸಹಾಯಕ ವೈದ್ಯನಾದನು.

ಆ ಆಸ್ಪತ್ರೆಯಲ್ಲಿ ಹೆರಿಗೆಯ ವಿಭಾಗಗಳು ಎರಡಿದ್ದವು. ಮೊದಲನೆಯದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. ಅಂದಿನ ದಿನಗಳಲ್ಲಿ ಬಾಣಂತಿಜ್ವರವೆಂಬುದು ತಾಯಂದಿರ ಪಾಲಿನ ಮೃತ್ಯುವಾಗಿತ್ತು. ಹೆರಿಗೆ ಸುಖವಾಗಿ ಆಯಿತೆಂದು ಮನೆಯವರು ನಿಟ್ಟುಸಿರು ಬಿಡುವಷ್ಟರಲ್ಲಿ ಜ್ವರ ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ತಾಯಿ ಅಸುನೀಗುತ್ತಿದ್ದಳು. ಎರಡನೆಯ ವಿಭಾಗದಲ್ಲಿ ನೂರು ಬಾಣಂತಿಯರಿಗೆ ಸುಮಾರು 4 ಮಂದಿ ಸತ್ತರೆ, ಮೊದಲನೆಯದರಲ್ಲಿ ಸುಮಾರು 10 ಮಂದಿ ಸಾಯುತ್ತಿದ್ದರು. ಈ ಸಂಗತಿ ಊರಿಗೆಲ್ಲ ತಿಳಿದಿತ್ತು. ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಬಡ ಗರ್ಭಿಣಿಯರು ಕಾಲಿಗೆ ಬಿದ್ದು ಬೇಡುತ್ತಿದ್ದರು. ಆಸ್ಪತ್ರೆಯನ್ನು ತಲುಪುವ ಮೊದಲೇ ಬೀದಿಯಲ್ಲಿ ಹೆತ್ತವರಿಗೂ ಆ ಜ್ವರ ಅಷ್ಟಾಗಿ ಬರುತ್ತಿರಲಿಲ್ಲ.

ಈ ಅಂತರ ಸೆಮ್ಮೆಲ್‌ವೈಸನ ನಿದ್ದೆಗೆಡಿಸಿತು. ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಹಲವರು ನಂಬಿದ್ದರು. ಆದರೆ ಒಂದೇ ಆಸ್ಪತ್ರೆಯ ಎರಡು ವಿಭಾಗಗಳಿಗೆ ಗಾಳಿ ಬೇರೆಯಾಗಿರಲು ಸಾಧ್ಯವೆ? ಜನಸಂದಣಿ ಕಾರಣವೆಂದರೆ, ಎರಡನೆಯ ವಿಭಾಗದಲ್ಲಿಯೇ ಸಂದಣಿ ಹೆಚ್ಚು. ಮರಣಾಸನ್ನರ ಬಳಿಗೆ ಪಾದ್ರಿಯು ಗಂಟೆಯ ಸದ್ದಿನೊಂದಿಗೆ ಬರುವುದರಿಂದ ಉಳಿದವರು ಹೆದರಿ ಕಾಯಿಲೆ ಬೀಳುವರೋ ಎಂದು ಶಂಕಿಸಿ ಗಂಟೆಯನ್ನು ನಿಲ್ಲಿಸಿದ್ದಾಯಿತು. ಹೆರಿಗೆಯ ಸಮಯದಲ್ಲಿ ಮಲಗಿಸುವ ಭಂಗಿಯನ್ನು ಬದಲಿಸಿದ್ದಾಯಿತು. ಆದರೂ ಸಾವು ತಗ್ಗಲಿಲ್ಲ.

1847ರ ವಸಂತದಲ್ಲಿ ಸೆಮ್ಮೆಲ್‌ವೈಸ್ ಕೆಲದಿನಗಳ ವಿಶ್ರಾಂತಿಗೆಂದು ವೆನಿಸ್ ನಗರಕ್ಕೆ ಹೋಗಿದ್ದನು. ಹಿಂದಿರುಗಿದಾಗ ಗೆಳೆಯನಾದ ಪ್ರಾಧ್ಯಾಪಕ ಕೊಲೆಚ್ಕಾನ ಮರಣವಾರ್ತೆ ಕಾದಿತ್ತು. ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಕೈಯ ಚೂರಿ ತಗುಲಿ ಕೊಲೆಚ್ಕಾನ ಬೆರಳಿಗೆ ಗಾಯವಾಗಿತ್ತು. ಆ ಸಣ್ಣ ಗಾಯವೇ ನಂಜಾಗಿ ಪ್ರಾಣವನ್ನು ತೆಗೆದಿತ್ತು. ಗೆಳೆಯನ ದೇಹದ ಪರೀಕ್ಷೆಯ ವಿವರಗಳನ್ನು ಓದಿದಾಗ ಸೆಮ್ಮೆಲ್‌ವೈಸನಿಗೆ ಮಿಂಚು ಹೊಳೆದಂತಾಯಿತು. ಬಾಣಂತಿಯರ ದೇಹಗಳಲ್ಲಿ ತಾನು ಕಂಡಿದ್ದ ಚಿಹ್ನೆಗಳೇ ಅಲ್ಲಿಯೂ ಇದ್ದವು!

ಒಗಟು ಬಿಡಿಸಿಕೊಂಡಿತು. ವೈದ್ಯರೂ ವಿದ್ಯಾರ್ಥಿಗಳೂ ಬೆಳಗಿನ ಹೊತ್ತು ಶವಗಳನ್ನು ಪರೀಕ್ಷಿಸಿ, ನೇರವಾಗಿ ಹೆರಿಗೆಯ ವಿಭಾಗಕ್ಕೆ ಬರುತ್ತಿದ್ದರು. ಸೋಪಿನಿಂದ ತೊಳೆದರೂ ಶವದ ವಾಸನೆ ಅವರ ಕೈಗಳನ್ನು ಬಿಡುತ್ತಿರಲಿಲ್ಲ. ಸೂಲಗಿತ್ತಿಯರಾದರೋ ಶವಗಳನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಾದರೆ ಮೃತ್ಯುವನ್ನು ತಾಯಂದಿರ ಹಾಸಿಗೆಗೆ ಒಯ್ದದ್ದು ಗಾಳಿಯಲ್ಲ, ವೈದ್ಯನ ಕೈ. ರೋಗದ ಕಾರಣವನ್ನು ಅರಸುತ್ತ ಎಲ್ಲರಿಗಿಂತ ಹೆಚ್ಚು ಶವಗಳನ್ನು ಪರೀಕ್ಷಿಸಿದವರಲ್ಲಿ ಸೆಮ್ಮೆಲ್‌ವೈಸನೂ ಒಬ್ಬ. ತನ್ನ ಕೈಗಳಿಂದಲೇ ಎಷ್ಟೋ ತಾಯಂದಿರು ಅಕಾಲದಲ್ಲಿ ಮಣ್ಣುಪಾಲಾದರೆಂಬ ಅರಿವು ಆತನ ಎದೆಯನ್ನು ಕೊರೆಯಿತು. ಆದರೂ ಆತನು ಆ ಸತ್ಯವನ್ನು ಮುಚ್ಚಿಡಲಿಲ್ಲ. ತನ್ನ ತಪ್ಪನ್ನು ಲೋಕದ ಮುಂದೆ ಒಪ್ಪಿಕೊಂಡನು.

1847ರ ಮೇ ತಿಂಗಳ ನಡುವಿನಲ್ಲಿ ಆತನು ಒಂದು ನಿಯಮವನ್ನು ಜಾರಿಗೆ ತಂದನು. ಹೆರಿಗೆಯ ವಿಭಾಗವನ್ನು ಪ್ರವೇಶಿಸುವ ಪ್ರತಿಯೊಬ್ಬನೂ ಕ್ಲೋರಿನ್ ಬೆರೆತ ಸುಣ್ಣದ, ಎಂದರೆ ಚಲುವೆ ಪುಡಿಯ, ದ್ರಾವಣದಲ್ಲಿ ಕೈ ತೊಳೆಯಬೇಕು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಮರುವರ್ಷ ಎರಡು ತಿಂಗಳು ಮೊದಲನೆಯ ವಿಭಾಗದಲ್ಲಿ ಒಬ್ಬ ತಾಯಿಯೂ ಈ ಜ್ವರದಿಂದ ಸಾಯಲಿಲ್ಲ.

ಇಂತಹ ಫಲವನ್ನು ಕಂಡು ವೈದ್ಯಲೋಕ ಹರ್ಷಿಸಬೇಕಾಗಿತ್ತು. ಆದರೆ ನಡೆದದ್ದೇ ಬೇರೆ. ರೋಗ ಗುಣಪಡಿಸುವ ತಮ್ಮ ಕೈಗಳೇ ರೋಗವನ್ನು ಹಂಚುತ್ತಿವೆಯೆಂಬ ಮಾತು ಹಲವು ವೈದ್ಯರಿಗೆ ಅವಮಾನವೆನಿಸಿತು. ವಿಭಾಗದ ಮುಖ್ಯಸ್ಥನಾದ ಕ್ಲೈನ್, ಹೊಸದಾಗಿ ಮಾಡಿಸಿದ ಗಾಳಿಯ ವ್ಯವಸ್ಥೆಯೇ ಈ ಸುಧಾರಣೆಗೆ ಕಾರಣವೆಂದನು. ರೋಗಾಣುಗಳ ವಿಷಯ ಇನ್ನೂ ತಿಳಿಯದಿದ್ದ ಕಾಲವದು. ಕೈಗಂಟಿದ ವಿಷ ಯಾವುದೆಂದು ಕೇಳಿದರೆ ತೋರಿಸಲು ಸೆಮ್ಮೆಲ್‌ವೈಸನ ಬಳಿ ಏನೂ ಇರಲಿಲ್ಲ. ತಪ್ಪು ಆತನ ಕಡೆಗೂ ಇತ್ತು. ಬರವಣಿಗೆ ಆತನಿಗೆ ಒಗ್ಗದ ಕೆಲಸವಾದುದರಿಂದ, ತನ್ನ ಶೋಧವನ್ನು ಕುರಿತ ವಿಸ್ತಾರವಾದ ಗ್ರಂಥವನ್ನು ಹೊರತರಲು ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ತೆಗೆದುಕೊಂಡನು.

1849ರಲ್ಲಿ ವಿಯೆನ್ನಾದ ಹುದ್ದೆಯ ಅವಧಿ ಮುಗಿದಾಗ ಅದು ಮುಂದುವರಿಯಲಿಲ್ಲ. ಮರುವರ್ಷ ಆತನು ಹುಟ್ಟೂರಿನ ಕಡೆಗೆ ಮರಳಿ, ಪೆಸ್ಟ್ ನಗರದ ಸೇಂಟ್ ರೋಕಸ್ ಆಸ್ಪತ್ರೆಯಲ್ಲಿ ಸೇವೆಗೆ ನಿಂತನು. ಅಲ್ಲಿ ಆರು ವರ್ಷಗಳ ಅವಧಿಯಲ್ಲಿ ಬಾಣಂತಿಜ್ವರದ ಸಾವು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಯಿತು. 1855ರಲ್ಲಿ ಆತನು ಪೆಸ್ಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು. ಆದರೆ ಯೂರೋಪಿನ ಬೇರೆ ಆಸ್ಪತ್ರೆಗಳಲ್ಲಿ ತಾಯಂದಿರು ಸಾಯುತ್ತಲೇ ಇದ್ದರು. ತಡೆಯಬಹುದಾದ ಸಾವನ್ನು ತಡೆಯದೆ ನೋಡುವುದು ಆತನಿಗೆ ಸಹಿಸಲಾರದ ನೋವಾಯಿತು. 1861ರಿಂದ ತನ್ನನ್ನು ಒಪ್ಪದ ಪ್ರಸಿದ್ಧ ವೈದ್ಯರಿಗೆ ಬಹಿರಂಗ ಪತ್ರಗಳನ್ನು ಬರೆದು, ಅವರನ್ನು ಕೊಲೆಗಾರರೆಂದೇ ಕರೆದನು. ಆ ಕಟುನುಡಿಯಿಂದ ವಿರೋಧ ಬೆಳೆಯಿತೇ ಹೊರತು ಮನಸ್ಸುಗಳು ಬದಲಾಗಲಿಲ್ಲ.

ಕೊನೆಗೆ ಆತನ ಬುದ್ಧಿಯ ಸ್ತಿಮಿತವೇ ಕದಡಿತು. 1865ರ ಬೇಸಗೆಯಲ್ಲಿ ಆತನನ್ನು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಅಲ್ಲಿ ಎರಡು ವಾರ ಕಳೆಯುವುದರೊಳಗೆ, ಕೈಯ ಗಾಯವೊಂದು ಕೊಳೆತು ನಂಜೇರಿ, ಆಗಸ್ಟ್ 13ರಂದು ಕೊನೆಯುಸಿರೆಳೆದನು. ಆಗ ಆತನಿಗೆ 47 ವರ್ಷ. ಯಾವ ನಂಜಿನಿಂದ ತಾಯಂದಿರನ್ನು ಉಳಿಸಲು ಹೆಣಗಿದನೋ ಅಂಥದೇ ನಂಜಿಗೆ ತಾನೂ ಬಲಿಯಾದನು.

ಆತನು ತೀರಿಕೊಂಡ ಎರಡು ವರ್ಷಗಳಲ್ಲಿ, 1867ರಲ್ಲಿ, ಜೋಸೆಫ್ ಲಿಸ್ಟರ್ ಎಂಬ ಶಸ್ತ್ರವೈದ್ಯನು ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ಶುದ್ಧಗೊಳಿಸುವ ವಿಧಾನವನ್ನು ಪ್ರಕಟಿಸಿದನು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿಜ್ವರದ ರೋಗಾಣುವನ್ನು ತೋರಿಸಿಕೊಟ್ಟನು. ಸೆಮ್ಮೆಲ್‌ವೈಸನ ಮಾತು ನಿಜವೆಂದು ಲೋಕ ಒಪ್ಪಿತು. 1969ರಲ್ಲಿ ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾನಿಲಯಕ್ಕೆ ಆತನ ಹೆಸರನ್ನು ಇಡಲಾಯಿತು. ಆತನು ಹುಟ್ಟಿದ ಮನೆ ಈಗ ವೈದ್ಯಕೀಯ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ.

ಬಂದ ರೋಗವನ್ನು ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದು ಮೇಲು. ಅದಕ್ಕೆ ಬೇಕಾದುದು ಹಲವು ವೇಳೆ ಬೆಲೆಬಾಳುವ ಔಷಧವಲ್ಲ. ಒಂದಿಷ್ಟು ನೀರು, ಒಂದಿಷ್ಟು ಸೋಪು ಮತ್ತು ಬಿಡದೆ ಪಾಲಿಸುವ ಅಭ್ಯಾಸ. ಅದಕ್ಕಿಂತ ಮುಖ್ಯವಾಗಿ, ನನ್ನ ಕೈಯಿಂದಲೂ ಇನ್ನೊಬ್ಬರಿಗೆ ಕೇಡಾಗಬಹುದೆಂದು ಒಪ್ಪಿಕೊಳ್ಳುವ ವಿನಯ ಬೇಕು. ಆ ವಿನಯವಿದ್ದುದರಿಂದಲೇ ಸೆಮ್ಮೆಲ್‌ವೈಸನು ತಾಯಂದಿರ ರಕ್ಷಕನಾದನು.