ಶಾಸನ ಪಿತಾಮಹ ಬಿ.ಎಲ್. ರೈಸ್: ಕಲ್ಲಿನ ಸಾಕ್ಷ್ಯ ಅರಸಿದ ಬದುಕು

ಭಾರತದ ಇತಿಹಾಸ ಸಂಶೋಧನೆಯಲ್ಲಿ 1837ನೇ ಇಸವಿಗೆ ವಿಶೇಷ ಸ್ಥಾನವಿದೆ. ಕಲ್ಕತ್ತೆಯಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಒಗಟನ್ನು ಬಿಡಿಸಿ, ಶತಮಾನಗಳಿಂದ ಯಾರೂ ಓದಲಾಗದೆ ಉಳಿದಿದ್ದ ಅಶೋಕನ ಶಾಸನಗಳಿಗೆ ಅರ್ಥ ದೊರಕಿಸಿದ ವರ್ಷವದು. ಅದೇ ವರ್ಷದ ಜುಲೈ 17ರಂದು ಬೆಂಗಳೂರಿನಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಪಾದ್ರಿಯೊಬ್ಬರ ಮನೆಯಲ್ಲಿ ಬೆಂಜಮಿನ್ ಲೂಯಿ ರೈಸ್ ಜನಿಸಿದರು. ಐವತ್ತೈದು ವರ್ಷಗಳ ನಂತರ ಆ ಮಗುವೇ ಮೈಸೂರು ಸೀಮೆಯ ಬಂಡೆಗಳ ಮೇಲೆ ಅಶೋಕನ ಶಾಸನಗಳನ್ನು ಗುರುತಿಸಿ, ದಕ್ಷಿಣ ಭಾರತದ ಇತಿಹಾಸದ ಆರಂಭವನ್ನು ಹಲವು ಶತಮಾನಗಳಷ್ಟು ಹಿಂದಕ್ಕೆ ಒಯ್ಯುವಂತಾಯಿತು.

ಕನ್ನಡ ನಾಡಿನ ಚರಿತ್ರೆಗೆ ಇಂದು ನಮಗೆ ಸಿಗುವ ಖಚಿತ ತೇದಿಗಳು, ರಾಜವಂಶಗಳ ವಂಶಾವಳಿ, ಊರುಗಳ ಹಳೆಯ ಹೆಸರುಗಳು ಇವುಗಳಲ್ಲಿ ಬಹುಪಾಲು ಶಾಸನಗಳಿಂದಲೇ ದೊರೆತವು. ಆ ಶಾಸನಗಳನ್ನು ಊರೂರು ಅಲೆದು ಕಲೆಹಾಕಿಸಿ, ಓದಿಸಿ, ಅಚ್ಚು ಹಾಕಿಸಿದ ಕೀರ್ತಿ ಮೊದಲಿಗೆ ರೈಸ್ ಅವರಿಗೆ ಸಲ್ಲುತ್ತದೆ. ಕನ್ನಡಿಗರು ಅವರನ್ನು ಶಾಸನ ಪಿತಾಮಹ ಎಂದು ಕರೆದದ್ದು ಬರಿಯ ಗೌರವದ ಮಾತಲ್ಲ.

ಶಾಲಾ ಇನ್ಸ್‌ಪೆಕ್ಟರ್ ಕಂಡ ಕಲ್ಲುಗಳು

ರೈಸ್ ಅವರ ತಂದೆ ಬೆಂಜಮಿನ್ ರೈಸ್ ಬೆಂಗಳೂರಿನಲ್ಲಿ ಸುಮಾರು ಅರ್ಧ ಶತಮಾನ ಕೆಲಸ ಮಾಡಿದವರು, ಕನ್ನಡ ಬಲ್ಲವರು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚ್ ಅವರ ನೆನಪಿನದು. ಮಗನ ಶಿಕ್ಷಣ ಇಂಗ್ಲೆಂಡಿನಲ್ಲಿ ನಡೆಯಿತು. 1860ರಲ್ಲಿ ಬೆಂಗಳೂರಿಗೆ ಮರಳಿದ ಕಿರಿಯ ರೈಸ್ ಸರ್ಕಾರಿ ಹೈಸ್ಕೂಲಿನ ಮುಖ್ಯಸ್ಥರಾದರು. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆಯಿತು. 1865ರಲ್ಲಿ ಅವರು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆಗಿ ನೇಮಕಗೊಂಡರು. ನಂತರ ವಿದ್ಯಾ ಇಲಾಖೆಯ ನಿರ್ದೇಶಕರ ಹೊಣೆಯನ್ನೂ ಹೊತ್ತರು.

ಶಾಲೆಗಳ ತಪಾಸಣೆಯೆಂದರೆ ಆಗ ಹಳ್ಳಿಯಿಂದ ಹಳ್ಳಿಗೆ ಪ್ರಯಾಣ. ಆ ಪ್ರಯಾಣದಲ್ಲಿ ರೈಸ್ ಅವರ ಕಣ್ಣಿಗೆ ಬಿದ್ದದ್ದು ಪಾಠಶಾಲೆಗಳು ಮಾತ್ರವಲ್ಲ. ಕೆರೆಯ ಏರಿ, ಗುಡಿಯ ಗೋಡೆ, ಊರಬಾಗಿಲು, ಹೊಲದ ಬದು ಎಲ್ಲೆಲ್ಲೂ ಅಕ್ಷರ ಕೊರೆದ ಕಲ್ಲುಗಳಿದ್ದವು. ಊರಿನವರಿಗೆ ಅವು ಪೂಜೆಯ ಕಲ್ಲುಗಳು, ಇಲ್ಲವೇ ನಿಧಿಯ ಸುಳಿವು ಅಡಗಿದ ಕಲ್ಲುಗಳು. ಕೆಲವೆಡೆ ಬಟ್ಟೆ ಒಗೆಯುವ ಹಾಸುಗಲ್ಲುಗಳು. ಹಳಗನ್ನಡದ ಲಿಪಿಯನ್ನು ಓದಬಲ್ಲವರು ತೀರ ವಿರಳವಾಗಿದ್ದರು.

1865ರ ಸುಮಾರಿಗೆ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಮೈಸೂರು ಸೀಮೆಯ ಹಲವು ಶಾಸನಗಳ ಛಾಯಾಚಿತ್ರ ತೆಗೆದಿದ್ದರು. ಅವುಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರ ಪಾಲಿಗೆ ಬಂತು. ಪಂಡಿತರ ನೆರವಿನಿಂದ ಅವರು ಅದನ್ನು ನಿರ್ವಹಿಸಿದರು. ಅದರ ಫಲವಾಗಿ 1879ರಲ್ಲಿ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಗ್ರಂಥ ಹೊರಬಂತು. ಅದಕ್ಕೂ ಮುನ್ನವೇ ಅವರು ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಸಿದ್ಧಪಡಿಸಿದ್ದರು. 1881ರ ಜನಗಣತಿಯ ಮೇಲ್ವಿಚಾರಣೆಯೂ ಅವರದೇ. ನಾಡಿನ ನೆಲ, ಜನ, ಬೆಳೆ, ಆಚಾರಗಳ ಪರಿಚಯ ಅವರಿಗೆ ದೊರೆತದ್ದು ಈ ಆಡಳಿತ ಕಾರ್ಯಗಳಿಂದ. ಶಾಸನಗಳನ್ನು ಅರ್ಥೈಸುವಾಗ ಆ ಪರಿಚಯ ನೆರವಿಗೆ ಬಂತು.

ಹನ್ನೆರಡು ಸಂಪುಟಗಳ ಸಾಹಸ

1880ರ ದಶಕದ ಮಧ್ಯದಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಸಂಶೋಧನೆಯ ಹೊಣೆ ರೈಸ್ ಅವರಿಗೆ ದೊರೆಯಿತು. 1890ರಿಂದ ಅವರು ಪೂರ್ಣಾವಧಿ ನಿರ್ದೇಶಕರು. ತಾಲ್ಲೂಕು ತಾಲ್ಲೂಕಾಗಿ, ಹಳ್ಳಿ ಹಳ್ಳಿಯಾಗಿ ಶಾಸನಗಳನ್ನು ಹುಡುಕುವ ಕಾರ್ಯ ಅಲ್ಲಿಂದ ವ್ಯವಸ್ಥಿತವಾಗಿ ಸಾಗಿತು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹರಡಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆಯುವುದು ಒಂದು ವಿಧಾನ. ಅದು ಸಾಧ್ಯವಾಗದ ಕಡೆ ಕಣ್ಣಿನಿಂದ ನೋಡಿ ನಕಲು ಮಾಡಿಕೊಳ್ಳುವುದೇ ದಾರಿ.

ಹೀಗೆ ಸಂಗ್ರಹವಾದ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನ ಹನ್ನೆರಡು ಸಂಪುಟಗಳಲ್ಲಿ 1886ರಿಂದ 1905ರ ನಡುವೆ ಪ್ರಕಟವಾದವು. ಕೊಡಗಿನ ಶಾಸನಗಳದು ಮೊದಲ ಸಂಪುಟ. 1889ರಲ್ಲಿ ಬಂದ ಶ್ರವಣಬೆಳಗೊಳದ್ದು ಎರಡನೆಯದು. ಉಳಿದವು ಸಂಸ್ಥಾನದ ಜಿಲ್ಲೆಗಳಿಗೆ ಸೇರಿದವು. ಒಟ್ಟು ಪ್ರಕಟವಾದ ಶಾಸನಗಳ ಸಂಖ್ಯೆ 8,869. ಒಂದೇ ಸಂಸ್ಥಾನದಿಂದ ಇಷ್ಟು ಶಾಸನಗಳು ಬೆಳಕಿಗೆ ಬಂದದ್ದು ಅಂದಿನ ಭಾರತದಲ್ಲಿ ಬೆರಗು ಹುಟ್ಟಿಸುವ ಸಂಗತಿಯಾಗಿತ್ತು.

ರೈಸ್ ಅನುಸರಿಸಿದ ಕ್ರಮವೂ ಮುಖ್ಯವಾದದ್ದು. ಪ್ರತಿ ತಾಲ್ಲೂಕಿನ ಶಾಸನಗಳಿಗೆ ಕ್ರಮಸಂಖ್ಯೆ ಕೊಟ್ಟು, ಕಲ್ಲು ಇರುವ ಊರು ಮತ್ತು ಜಾಗವನ್ನು ಹೇಳಿ, ಮೂಲ ಪಾಠವನ್ನೂ ಇಂಗ್ಲಿಷ್ ಅನುವಾದವನ್ನೂ ಒಟ್ಟಿಗೆ ಕೊಟ್ಟರು. ಅವರ ತೀರ್ಮಾನವನ್ನು ಒಪ್ಪದವರು ಸಂಪುಟ ತೆರೆದು ಪಾಠವನ್ನು ತಾವೇ ಓದಬಹುದಿತ್ತು, ಬೇಕಾದರೆ ಆ ಊರಿಗೇ ಹೋಗಿ ಕಲ್ಲನ್ನು ನೋಡಬಹುದಿತ್ತು. ಚರಿತ್ರೆ ಎಂಬುದು ಪುರಾಣ ಹೇಳುವವರ ಬಾಯಿಂದ ಪುರಾವೆ ಪರೀಕ್ಷಿಸುವವರ ಕೈಗೆ ಬಂದದ್ದು ಹೀಗೆ.

ಈ ಸಂಪುಟಗಳಲ್ಲಿ ರಾಜರು ಮಾತ್ರವಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಒಂದೆಡೆ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧವನ್ನು ದಾಖಲಿಸಿದರೆ, ಮತ್ತೊಂದೆಡೆ ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯನ್ನು ಸ್ಮರಿಸುತ್ತದೆ. ಹತ್ತನೆಯ ಶತಮಾನದ ನಡುಭಾಗದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶ್ರವಣಬೆಳಗೊಳದ 1368ರ ಶಾಸನ ಜೈನರಿಗೂ ಶ್ರೀವೈಷ್ಣವರಿಗೂ ಎದ್ದ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯ ಬಗೆಹರಿಸಿದ ಬಗೆಯನ್ನು ತಿಳಿಸುತ್ತದೆ. ತುರುಗಳನ್ನು ಕಾಯುತ್ತ ಸತ್ತವರ ವೀರಗಲ್ಲು, ಕೆರೆ ಕಟ್ಟಿಸಿದವರ ದಾನಪತ್ರ, ಸುಂಕದ ವಿವರ ಎಲ್ಲವೂ ಅಲ್ಲಿವೆ.

ಬ್ರಹ್ಮಗಿರಿಯ ಬಂಡೆ

ರೈಸ್ ಅವರ ಶೋಧಗಳಲ್ಲಿ ದೇಶದ ಗಮನ ಸೆಳೆದದ್ದು 1892ರದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಎಂಬ ಮೂರು ಹತ್ತಿರದ ತಾಣಗಳಲ್ಲಿ ಅಶೋಕನ ಶಾಸನಗಳು ಪತ್ತೆಯಾದವು. ಮೌರ್ಯರ ಆಳ್ವಿಕೆ ಇಷ್ಟು ದಕ್ಷಿಣಕ್ಕೆ ಚಾಚಿತ್ತೆಂಬುದಕ್ಕೆ ಅದುವರೆಗೆ ಇಂಥ ನೇರ ಸಾಕ್ಷ್ಯ ಇರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕಳುಹಿಸಿದ ಆದೇಶ ಆ ಬಂಡೆಗಳ ಮೇಲಿದೆ. ಶಾಸನ ಬರೆದ ಚಪಡನೆಂಬ ಲಿಪಿಕಾರ ತನ್ನ ವೃತ್ತಿಸೂಚಕ ಪದವನ್ನು ಬ್ರಾಹ್ಮಿಯ ಬದಲು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಗಾಂಧಾರದ ಕಡೆಯ ಲಿಪಿ ಬಲ್ಲವನೊಬ್ಬ ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಚಿತ್ರದುರ್ಗದ ಸೀಮೆಯಲ್ಲಿ ಕೆಲಸ ಮಾಡಿದ್ದನೆಂಬುದು ಆ ಒಂದು ಪದದಿಂದ ಹೊಳೆಯುತ್ತದೆ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವೂ ರೈಸ್ ಅವರ ಸಂಪುಟದಲ್ಲಿ ಸೇರಿತು. ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ಇರುವುದು ಅಲ್ಲಿಯೇ. ಕದಂಬ ರಾಜ್ಯದ ಹುಟ್ಟಿಗೆ ನಾವು ಇಂದಿಗೂ ಆಧರಿಸುವುದು ಕುಬ್ಜ ಕವಿ ರಚಿಸಿದ ಆ ಸಂಸ್ಕೃತ ಶಾಸನವನ್ನೇ.

ವಾದ-ವಿವಾದಗಳ ನಡುವೆ

ರೈಸ್ ಅವರ ತೀರ್ಮಾನಗಳೆಲ್ಲವೂ ಪ್ರಶ್ನಾತೀತವಾಗಿರಲಿಲ್ಲ. ಮುಂಬಯಿ ಪ್ರಾಂತ್ಯದಲ್ಲಿ ಕನ್ನಡ ಶಾಸನಗಳ ಅಧ್ಯಯನ ನಡೆಸುತ್ತಿದ್ದ ಜೆ.ಎಫ್. ಫ್ಲೀಟ್ ಅವರೊಡನೆ ದೀರ್ಘಕಾಲ ವಾದ ನಡೆಯಿತು. ತಲಕಾಡಿನ ಗಂಗರ ತಾಮ್ರಪಟಗಳನ್ನು ರೈಸ್ ನಂಬಿದರು. ಅವುಗಳಲ್ಲಿ ಹಲವು ನಂತರದ ಕಾಲದ ಕೂಟ ಸೃಷ್ಟಿಗಳೆಂದು ಫ್ಲೀಟ್ ಸಾರಿದರು. ಗಂಗರ ಆರಂಭದ ಇತಿಹಾಸವೇ ಈ ವಾದದಲ್ಲಿ ಪಣಕ್ಕಿತ್ತು. ಫ್ಲೀಟ್ ಅವರ ಅನುಮಾನಗಳಲ್ಲಿ ಕೆಲವು ಸರಿಯಾಗಿದ್ದವು. ಆದರೆ ಪೆನುಕೊಂಡದ ತಾಮ್ರಪಟ ಬೆಳಕಿಗೆ ಬಂದಾಗ ಅದು ಅಸಲಿಯೆಂದು ಅವರೇ ಒಪ್ಪಿಕೊಂಡರು. ಐದನೆಯ ಶತಮಾನದಲ್ಲಿ ಗಂಗರು ಆಳುತ್ತಿದ್ದರೆಂಬುದಕ್ಕೆ ಆಧಾರ ದೊರೆಯಿತು.

ಮೌರ್ಯ ಚಂದ್ರಗುಪ್ತ ಭದ್ರಬಾಹುವಿನೊಡನೆ ಶ್ರವಣಬೆಳಗೊಳಕ್ಕೆ ಬಂದು ಅಲ್ಲಿಯೇ ದೇಹತ್ಯಾಗ ಮಾಡಿದನೆಂಬ ಜೈನ ಐತಿಹ್ಯವನ್ನೂ ರೈಸ್ ಎತ್ತಿಹಿಡಿದರು. ಫ್ಲೀಟ್ ಅದನ್ನೂ ಒಪ್ಪಲಿಲ್ಲ. ಈ ವಿಷಯದಲ್ಲಿ ವಿದ್ವಾಂಸರ ನಡುವೆ ಇಂದಿಗೂ ಒಮ್ಮತವಿಲ್ಲ.

ಸಂಗ್ರಹವೂ ಪೂರ್ಣವಾಗಿರಲಿಲ್ಲ. ಶ್ರವಣಬೆಳಗೊಳದ ಸಂಪುಟದಲ್ಲಿ ರೈಸ್ ಪ್ರಕಟಿಸಿದ್ದು 144 ಶಾಸನಗಳನ್ನು. ಅವರ ಸಹಾಯಕರಾಗಿದ್ದು, 1906ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರು ಅದೇ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದಾಗ ಸಂಖ್ಯೆ 500ಕ್ಕೆ ಏರಿತು. ರೈಸ್ ಹಾಕಿದ ಅಡಿಪಾಯ ಸರಿಯಾಗಿದ್ದುದರಿಂದಲೇ ಅದರ ಮೇಲೆ ತಿದ್ದುಪಡಿ ಸಾಧ್ಯವಾಯಿತು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು.

ಕಲ್ಲಿನಷ್ಟೇ ಓಲೆಗರಿಯ ಮೇಲೂ ರೈಸ್ ಅವರ ಗಮನವಿತ್ತು. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಪ್ರಾಚೀನ ಕನ್ನಡ ಗ್ರಂಥಗಳು ಅಚ್ಚಾದವು. ಭಟ್ಟಾಕಳಂಕನ ಶಬ್ದಾನುಶಾಸನ 1890ರಲ್ಲಿ, ಪಂಪಭಾರತ 1898ರಲ್ಲಿ ಬಂದವು. ಕೆ.ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ ಅದೇ 1898ರಲ್ಲಿ ಓದುಗರ ಕೈ ಸೇರಿತು. ಪಂಪನನ್ನು ಇಂದು ಕಾಲೇಜುಗಳಲ್ಲಿ ಓದುವವರು ಈ ಮಾಲೆಗೆ ಋಣಿಗಳು.

ರೈಸ್ ಕಾಣದೆ ಹೋದ ಶೋಧಗಳು

1906ರಲ್ಲಿ ನಿವೃತ್ತರಾದ ರೈಸ್ ಇಂಗ್ಲೆಂಡಿನ ಹ್ಯಾರೋದಲ್ಲಿ ನೆಲೆಸಿದರು. ಜೀವಮಾನದ ಅಧ್ಯಯನದ ಸಾರವನ್ನು ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಎಂಬ ಕೃತಿಯಲ್ಲಿ 1909ರಲ್ಲಿ ಕೊಟ್ಟರು. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯಲ್ಲಿ ಶಾಸನವೊಂದು ಸಿಕ್ಕಿತು. ದೇವಾನಾಂಪ್ರಿಯನೇ ಅಶೋಕನೆಂಬುದು ಶಾಸನದ ಮಾತಿನಿಂದಲೇ ಸ್ಥಿರವಾಯಿತು. ಆಗ ರೈಸ್ ಬದುಕಿದ್ದರು. 1927ರ ಜುಲೈ 10ರಂದು, ತೊಂಬತ್ತು ತುಂಬಲು ಒಂದು ವಾರವಿರುವಾಗ ಅವರು ನಿಧನರಾದರು.

ಆಮೇಲೆ ಬಂದ ಶೋಧಗಳು ಅನೇಕ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೇಲೂರು ಬಳಿಯ ಹಲ್ಮಿಡಿಯಲ್ಲಿ ಐದನೆಯ ಶತಮಾನದ ಕನ್ನಡ ಶಾಸನವನ್ನು ಕಂಡರು. ರೈಸ್ ಗುರುತಿಸಿದ್ದ ಬ್ರಹ್ಮಗಿರಿಯಲ್ಲೇ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿ, ಶಿಲಾಯುಗದಿಂದ ಚಾರಿತ್ರಿಕ ಯುಗದವರೆಗಿನ ಜನವಸತಿಯ ಪದರಗಳನ್ನು ತೋರಿಸಿದರು. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವೇ ದೊರೆಯಿತು. ಇತ್ತೀಚೆಗೆ ತಾಳಗುಂದದ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ ಶಾಸನವನ್ನು ಕೆಲವು ವಿದ್ವಾಂಸರು ಹಲ್ಮಿಡಿಗಿಂತ ಹಳೆಯದೆಂದು ಪರಿಗಣಿಸುತ್ತಾರೆ. ರೈಸ್ ಒಮ್ಮೆ ನೋಡಿ ಮುಗಿಸಿದ ಊರುಗಳಲ್ಲೂ ಹೇಳಬೇಕಾದದ್ದು ಇನ್ನೂ ಉಳಿದಿತ್ತು.

ಉಳಿದಿರುವುದು ಅಚ್ಚಿನ ಪಾಠ ಮಾತ್ರ

ಬೆಂಗಳೂರು ಜಿಲ್ಲೆಯ ಶಾಸನಗಳು ಒಂಬತ್ತನೆಯ ಸಂಪುಟದಲ್ಲಿವೆ. ಅಲ್ಲಿ ಹೆಸರಿಸಿದ ಹಳ್ಳಿಗಳಲ್ಲಿ ಹಲವು ಇಂದು ನಗರದ ಬಡಾವಣೆಗಳು. ಕೆರೆ ಬತ್ತಿ, ಹೊಲ ನಿವೇಶನವಾಗಿ, ರಸ್ತೆ ಅಗಲವಾದಾಗ ಕಲ್ಲುಗಳು ಅಡಿಪಾಯ ಸೇರಿದವು, ಒಡೆದುಹೋದವು ಅಥವಾ ಮಣ್ಣಿನಡಿ ಹೂತುಹೋದವು. ಅಂಥ ಶಾಸನಗಳಿಗೆ ಈಗ ರೈಸ್ ಅಚ್ಚು ಹಾಕಿಸಿದ ಪಾಠವೇ ಮೂಲ. ಅವರು ಅಂದು ಆ ಹಳ್ಳಿಗೆ ಹೋಗದೆ ಇದ್ದಿದ್ದರೆ ಆ ಊರಿನ ಗತಕಾಲವೇ ಅಳಿಸಿಹೋಗುತ್ತಿತ್ತು.

ಉಳಿದಿರುವ ಕಲ್ಲುಗಳನ್ನು ಹುಡುಕಿ, ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕಾರ್ಯ ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ನಡೆದಿದೆ. ಹುಡುಕುವವರ ಕೈಯಲ್ಲಿರುವ ಮೊದಲ ದಾರಿಸೂಚಿ ರೈಸ್ ಅವರ ಸಂಪುಟಗಳೇ. ಸವೆದ ಅಕ್ಷರಗಳನ್ನು ಯಂತ್ರ ಸ್ಪಷ್ಟವಾಗಿ ತೋರಿಸಿದಾಗ ಶತಮಾನದ ಹಿಂದಿನ ಪಾಠದಲ್ಲಿ ತಪ್ಪುಗಳೂ ಕಾಣುವುದುಂಟು. ಅವುಗಳನ್ನು ತಿದ್ದುವುದು ರೈಸ್ ಅವರಿಗೆ ಅಗೌರವವಲ್ಲ. ಪಾಠವನ್ನು ಎಲ್ಲರ ಮುಂದಿಟ್ಟ ಅವರ ಉದ್ದೇಶ ಈಡೇರುವುದು ಆಗಲೇ.

ಊರ ಹೊರಗಿನ ಕಲ್ಲೊಂದರ ಮೇಲೆ ಅಕ್ಷರಗಳಿದ್ದರೆ ಅದು ನಿಧಿಯ ಗುರುತಲ್ಲ, ಆ ಊರಿನ ಜನ್ಮಪತ್ರ. ಆ ಅರಿವು ಮೂಡಿದ ಕಡೆ ಕಲ್ಲು ಉಳಿಯುತ್ತದೆ. ಅವೆನ್ಯೂ ರಸ್ತೆಯ ಜನಜಂಗುಳಿಯ ನಡುವೆ ತಂದೆಯ ಸ್ಮಾರಕ ನಿಂತಿದೆ. ಮಗನ ಸ್ಮಾರಕವನ್ನು ಹುಡುಕುವವರು ಗ್ರಂಥಾಲಯದ ಹನ್ನೆರಡು ಸಂಪುಟಗಳನ್ನೂ, ಹಳ್ಳಿಗಳಲ್ಲಿ ಇನ್ನೂ ನಿಂತಿರುವ ಕಲ್ಲುಗಳನ್ನೂ ನೋಡಬೇಕು.